ಬೋರ್ಡಿನ ಬಲತುದಿಯಿಂದ ಶುರುವಾಗುತ್ತಿದ್ದ ಪಾಠ

ನಮ್ಮ ಇತಿಹಾಸದ ಮೇಷ್ಟ್ರು ಹೋಗಿಬಿಟ್ಟರು ಅಂತ ಕಳೆದ ತಿಂಗಳು ಹಳೆಯ ಗೆಳೆಯ ಫೋನ್ ಮಾಡಿ ಹೇಳಿದ. ಫೋನ್ ಇಟ್ಟ ತಕ್ಷಣ ಕಣ್ಣ ಮುಂದೆ ಬಂದದ್ದು ಅವರ ಬೋರ್ಡು. ಬೇರೆ ಮೇಷ್ಟ್ರೆಲ್ಲ ಎಡಗಡೆಯಿಂದ ಬರೆಯುತ್ತಿದ್ದರು. ಇವರು ಬಲತುದಿಯಲ್ಲಿ ಒಂದು ಇಸವಿ ಬರೆದು, "ಅದಕ್ಕೂ ಮುಂಚೆ?" ಅಂತ ಕೇಳುತ್ತಾ ಕೇಳುತ್ತಾ ಎಡಕ್ಕೆ ಸರಿಯುತ್ತಿದ್ದರು.

ನಾನು ಹತ್ತನೇ ತರಗತಿಯಲ್ಲಿದ್ದದ್ದು 1996ರಲ್ಲಿ. ಸೋವಿಯತ್ ಒಕ್ಕೂಟ ಒಡೆದು ಇನ್ನೂ ಐದು ವರ್ಷ ತುಂಬಿರಲಿಲ್ಲ. ನಮ್ಮ ಗೋಡೆಯ ನಕಾಶೆಯಲ್ಲಿ ಅದು ಹಾಗೇ ಇತ್ತು, ಒಂದೇ ಬಣ್ಣದಲ್ಲಿ, ಅಷ್ಟಗಲ.

ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಶೀತಲ ಸಮರದ ಪಾಠದ ದಿನ ಅವರು ಬಲತುದಿಯಲ್ಲಿ 1949, ನ್ಯಾಟೋ ಅಂತ ಬರೆದರು, ಅಮೆರಿಕ ಮತ್ತು ಪಶ್ಚಿಮ ಯುರೋಪಿನ ದೇಶಗಳ ಸೈನಿಕ ಕೂಟ. ಅದು ಯಾಕೆ ಹುಟ್ಟಿತು? ರಷ್ಯಾ ಭಯಕ್ಕೆ ಅಂದೆವು. ಭಯ ಯಾಕೆ? 1948ರ ಜೂನ್‌ನಲ್ಲಿ ಸೋವಿಯತ್ ನಾಯಕ ಸ್ಟಾಲಿನ್, ತನ್ನ ಕೈಯಲ್ಲಿದ್ದ ಜರ್ಮನಿಯ ಭಾಗದ ನಡುವೆ ಇದ್ದ ಪಶ್ಚಿಮ ಬರ್ಲಿನ್‌ಗೆ ಹೋಗುವ ರಸ್ತೆ, ರೈಲು ಎಲ್ಲ ಮುಚ್ಚಿಸಿದ್ದ. ಹೆಚ್ಚುಕಡಿಮೆ ಹನ್ನೊಂದು ತಿಂಗಳು ಆ ಊರಿಗೆ ಹಿಟ್ಟು, ಕಲ್ಲಿದ್ದಲು ಕೂಡ ವಿಮಾನದಲ್ಲೇ ಹೋಗಬೇಕಾಯಿತು. ಸರಿ, ಅವನು ಯಾಕೆ ಮುಚ್ಚಿಸಿದ? ತಮ್ಮ ಕೈಯಲ್ಲಿದ್ದ ಜರ್ಮನಿಯ ಭಾಗಕ್ಕೆ ಪಶ್ಚಿಮದವರು ಹೊಸ ನೋಟು ತಂದರು, ಇವರು ಜರ್ಮನಿಯನ್ನು ಮತ್ತೆ ಬಲ ಮಾಡಿ ನನ್ನ ಮೇಲೆ ಬಿಡುತ್ತಾರೆ ಅಂತ ಅವನಿಗೆ ಅನಿಸಿತು. ಅದಕ್ಕೂ ಮುಂಚೆ? 1947, ಯುದ್ಧದಲ್ಲಿ ಹಾಳಾದ ಯುರೋಪಿಗೆ ಅಮೆರಿಕ ಹಣ ಕೊಡುವ ಮಾರ್ಷಲ್ ಯೋಜನೆ. ಅದಕ್ಕೂ ಮುಂಚೆ? ಅದೇ ವರ್ಷದ ಮಾರ್ಚ್, ಗ್ರೀಸ್ ಮತ್ತು ಟರ್ಕಿಗೆ ಕೊಡೋಕೆ ಅಂತ ಅಮೆರಿಕದ ಅಧ್ಯಕ್ಷ ಟ್ರೂಮನ್ ಕಮ್ಯುನಿಸ್ಟರನ್ನು ತಡೆಯಲು 40 ಕೋಟಿ ಡಾಲರ್ ಕೇಳಿದ್ದು.

1945ಕ್ಕೆ ಬಂದಾಗ ಮೇಷ್ಟ್ರು ಸ್ವಲ್ಪ ಹೊತ್ತು ನಿಂತರು. ಪಾಟ್ಸ್‌ಡ್ಯಾಮ್, ಜುಲೈ 24, ಮಿತ್ರದೇಶಗಳ ನಾಯಕರು ಜರ್ಮನಿಯಲ್ಲಿ ಸೇರಿದ್ದ ಸಭೆ. ಇನ್ನೂ ಇಬ್ಬರೂ ಮಿತ್ರರೇ. ಟ್ರೂಮನ್ ಸ್ಟಾಲಿನ್ ಹತ್ತಿರ ಹೋಗಿ, ನಮ್ಮ ಹತ್ತಿರ ಬಹಳ ಶಕ್ತಿಯ ಹೊಸ ಆಯುಧ ಇದೆ ಅಂತ ಸುಮ್ನೆ ಮಾತಿಗೆ ಹೇಳಿದ ಹಾಗೆ ಹೇಳುತ್ತಾನೆ. ಅಣುಬಾಂಬು ಅನ್ನಲಿಲ್ಲ. ಸ್ಟಾಲಿನ್ ಒಳ್ಳೆಯದು ಅಂದು ಸುಮ್ಮನಾಗುತ್ತಾನೆ. ಗೂಢಚಾರರಿಂದ ಅವನಿಗೆ ಎಲ್ಲ ಮೊದಲೇ ಗೊತ್ತಿತ್ತು. ಹದಿಮೂರು ದಿನಕ್ಕೆ ಹಿರೋಶಿಮಾ. ಮಿತ್ರರಾಗಿದ್ದಾಗಲೇ ಒಬ್ಬ ಬಚ್ಚಿಟ್ಟ, ಇನ್ನೊಬ್ಬ ಕದ್ದು ನೋಡಿದ, ಇಬ್ಬರೂ ಮುಖದಲ್ಲಿ ತೋರಿಸಲಿಲ್ಲ. ಇದನ್ನು ಮೇಷ್ಟ್ರು ಹೇಳುವಾಗ ತರಗತಿಯಲ್ಲಿ ಒಂದು ಸದ್ದಿಲ್ಲ.

ಎಡತುದಿಯಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಅವರು 1918 ಅಂತ ಬರೆದರು. ರಷ್ಯಾದ ಅಂತರ್ಯುದ್ಧದ ನಡುವೆ ಅಮೆರಿಕದ ಸೈನಿಕರು ಆ ನೆಲದಲ್ಲಿ ಇಳಿದಿದ್ದರು. ಅಲ್ಲಿನ ಕಮ್ಯುನಿಸ್ಟ್ ಸರ್ಕಾರವನ್ನು ಅಮೆರಿಕ ಒಪ್ಪಿಕೊಂಡದ್ದೇ 1933ರಲ್ಲಿ. ಅಲ್ಲಿಗೆ ಬೋರ್ಡು ಮುಗಿಯಿತು. ಯಾರು ಶುರು ಮಾಡಿದ್ದು ಅಂತ ಅವರು ಕೊನೆಗೂ ಹೇಳಲಿಲ್ಲ. ನನಗೆ ಆಗ ಸಿಟ್ಟು ಬಂದಿತ್ತು.

ಸಿಟ್ಟಿಗೆ ಕಾರಣ ಇತ್ತು. ನಮ್ಮ ತರಗತಿಯಲ್ಲೇ ಆಗ ಎರಡು ಗುಂಪು, ಕಿಟಕಿ ಸಾಲಿನವರು ಮತ್ತು ಬಾಗಿಲ ಸಾಲಿನವರು. ಕಿಟಕಿ ಸಾಲಿಗೆ ನಾನೇ ಮುಂದಾಳು. ಮಾನಿಟರ್ ಯಾರಾಗಬೇಕು ಅನ್ನುವುದರಿಂದ ಶುರುವಾದದ್ದು ಡಸ್ಟರ್ ಬಚ್ಚಿಡುವುದಕ್ಕೆ ಬಂತು. ಆಮೇಲೆ ಅವರು ಸೀಮೆಸುಣ್ಣದ ತುಂಡು ಕೂಡಿಡುತ್ತಿದ್ದಾರೆ ಅಂತ ಸುದ್ದಿ ಬಂದು ನಾವೂ ಕೂಡಿಟ್ಟೆವು. ಒಂದು ಮಧ್ಯಾಹ್ನ ಮೇಷ್ಟ್ರು ಬರುವುದು ತಡವಾದಾಗ ಎರಡೂ ಕಡೆಯ ದಾಸ್ತಾನು ಖಾಲಿಯಾಯಿತು. ಆ ಗಲಾಟೆಯಲ್ಲಿ ನಾನು ನಕಾಶೆಗೆ ಜೋತುಬಿದ್ದೆ. ಅದು ಹರಿದು ಕೆಳಗೆ ಬಂತು.

ಮೇಷ್ಟ್ರು ಹೊಡೆಯಲಿಲ್ಲ. ಎರಡು ಗುಂಪಿಗೂ ಒಂದೊಂದು ಹಾಳೆ ಕೊಟ್ಟರು. "ಎದುರಿನವರು ಏನು ಮಾಡ್ತಿದ್ದಾರೆ, ಯಾಕೆ ಮಾಡ್ತಿದ್ದಾರೆ, ಬರೀರಿ," ಅಂದರು. ನಮ್ಮದನ್ನು ನಾನೇ ಬರೆದೆ, ಚೆನ್ನಾಗಿಯೇ ಬರೆದೆ. ಮೇಷ್ಟ್ರು ಹೆಸರು ಹೇಳದೆ ಎರಡನ್ನೂ ಓದಿದರು. ಅವರಿಗೆ ಇಡೀ ತರಗತಿ ತಮ್ಮದಾಗಬೇಕು, ಮಾತಿಗೆ ಬಗ್ಗುವವರಲ್ಲ, ನಾವು ಕೂಡಿಟ್ಟದ್ದು ಬರೀ ರಕ್ಷಣೆಗೆ. ಎರಡರಲ್ಲೂ ಇದೇ. ನನ್ನದು ಯಾವುದು ಅಂತ ನನಗೇ ಒಂದು ಕ್ಷಣ ತಿಳಿಯಲಿಲ್ಲ.

ಆಮೇಲೆ ಅವರು 1946ರ ಎರಡು ಟೆಲಿಗ್ರಾಂಗಳ ಕಥೆ ಹೇಳಿದರು. ಅದು ನಮ್ಮ ಪಠ್ಯದಲ್ಲಿ ಇರಲೇ ಇಲ್ಲ. ಫೆಬ್ರವರಿಯಲ್ಲಿ ಮಾಸ್ಕೋದಿಂದ ಅಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಜಾರ್ಜ್ ಕೆನನ್ ತಮ್ಮ ದೇಶಕ್ಕೆ ಬರೆದರು: ರಷ್ಯಾಕ್ಕೆ ಹಿಂದಿನಿಂದಲೂ ಒಂದು ಅಭದ್ರತೆ ಇದೆ, ಇವರು ತರ್ಕ ಕೇಳುವುದಿಲ್ಲ, ಬಲ ಕಂಡರೆ ಹಿಂದೆ ಸರಿಯುತ್ತಾರೆ. ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್‌ನಿಂದ ಸೋವಿಯತ್ ರಾಯಭಾರಿ ನೊವಿಕೊವ್ ಮಾಸ್ಕೋಗೆ ಬರೆದರು: ಇವರಿಗೆ ಜಗತ್ತನ್ನೇ ಆಳುವ ಆಸೆ, ತಮ್ಮ ದೇಶದಿಂದ ಅಷ್ಟು ದೂರದಲ್ಲಿ ಸೈನಿಕ ನೆಲೆಗಳು ಯಾಕೆ? ಎರಡನೇ ಮಹಾಯುದ್ಧದಲ್ಲಿ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡ ಸೋವಿಯತ್ ದೇಶ ತನ್ನ ಗಡಿಯಾಚೆ ತನಗೆ ಬೇಕಾದ ಸರ್ಕಾರಗಳನ್ನು ಕೂರಿಸಿತು. ಅದಕ್ಕೆ ಅದು ಬೇಲಿ. ನೋಡುವವರಿಗೆ ಮಾತ್ರ ಅದು ಆಕ್ರಮಣ. ಪೋಲೆಂಡಿನವರಿಗಂತೂ ಬೇಲಿ ಅನ್ನುವ ಮಾತೇ ಸುಳ್ಳು, ಅದನ್ನೂ ಮೇಷ್ಟ್ರು ಬಿಡದೆ ಹೇಳಿದರು. ಇದಕ್ಕೆ ಕಮ್ಯುನಿಸಂ, ಬಂಡವಾಳಶಾಹಿ ಅನ್ನುವ ಸಿದ್ಧಾಂತ ಸೇರಿದ ಮೇಲೆ ಇದು ಇನ್ನೂ ಕಷ್ಟ ಅಂದರು. ಎದುರಿನವನು ಇವತ್ತು ಸುಮ್ಮನಿದ್ದರೂ ಅವನ ಪುಸ್ತಕ ನನ್ನ ನಾಶವನ್ನೇ ಬಯಸುತ್ತೆ ಅಂತ ಇಬ್ಬರೂ ನಂಬಿದ್ದರು, ಹಾಗಾಗಿ ಅವನ ಸುಮ್ಮನಿರುವಿಕೆಯೂ ಹೊಂಚು ಹಾಕಿದ ಹಾಗೆ ಕಾಣುತ್ತೆ, ಅಲ್ವಾ?

ನನ್ನ ಮಗಳ ಪುಸ್ತಕದಲ್ಲಿ ಶೀತಲ ಸಮರಕ್ಕೆ ಐದು ಕಾರಣ ಕೊಟ್ಟಿದ್ದಾರೆ. ಐದನ್ನೂ ಅವಳು ಗಟ್ಟಿ ಮಾಡಿದ್ದಾಳೆ. ಇದರಲ್ಲಿ ಯಾವುದರಿಂದ ಯಾವುದು ಹುಟ್ಟಿತು ಅಂತ ಕೇಳಿದೆ. "ಅದನ್ನ ಪರೀಕ್ಷೆಲಿ ಕೇಳಲ್ಲಪ್ಪಾ," ಅಂದಳು. ಮಕ್ಕಳದು ಏನೂ ತಪ್ಪಿಲ್ಲ. ಒಂದು ಪಾಠಕ್ಕೆ ಇಡೀ ಬೋರ್ಡು ಕೊಡುವ ಪುರುಸೊತ್ತು ಈಗಿನ ಮೇಷ್ಟ್ರಿಗೆ ಯಾರೂ ಉಳಿಸಿಲ್ಲ. ಆ ವರ್ಷ ಶಾಲೆಗೆ ಇತಿಹಾಸದಲ್ಲಿ ನಾನೇ ಮೊದಲು ಬಂದೆ. ಇವತ್ತಿಗೂ ಆಫೀಸಿನಲ್ಲಿ ಎರಡು ವಿಭಾಗದವರು ಜಗಳವಾಡಿದರೆ ನನ್ನನ್ನೇ ಕರೆಯುತ್ತಾರೆ, ನಾನು ಎರಡು ಹಾಳೆ ತೆಗೆದುಕೊಂಡು ಹೋಗುತ್ತೇನೆ.

ಎರಡು ವರ್ಷದ ಹಿಂದೆ ಅವರನ್ನು ನೋಡಲು ಹೋಗಿದ್ದೆ. ಅವರಿಗೆ ಹೊಸದೇನಾದರೂ ಹೇಳಬೇಕು ಅಂತ 1983ರ ಸೆಪ್ಟೆಂಬರ್ 26ರ ಕಥೆ ತೆಗೆದೆ. ಸೋವಿಯತ್ ಸೇನೆಯ ಸ್ಟಾನಿಸ್ಲಾವ್ ಪೆಟ್ರೋವ್ ಎದುರಿನ ಯಂತ್ರ ಅಮೆರಿಕದಿಂದ ಐದು ಕ್ಷಿಪಣಿ ಬರುತ್ತಿವೆ ಅನ್ನುತ್ತೆ. ನಿಜವಾಗಿ ಯುದ್ಧ ಮಾಡುವವರು ಬರೀ ಐದು ಕಳಿಸುತ್ತಾರಾ ಅಂತ ಅವರು ಯೋಚಿಸಿ, ಸುಳ್ಳು ಎಚ್ಚರಿಕೆ ಅಂತ ವರದಿ ಮಾಡುತ್ತಾರೆ. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂದುಕೊಂಡಿತ್ತು.

ಮೇಷ್ಟ್ರು ಕಣ್ಣುಮುಚ್ಚಿ ಕೇಳಿದರು. "ಅವತ್ತು ಅಷ್ಟು ಭಯ ಯಾಕಿತ್ತು ಕಣೋ?" ಅಂದರು. ಸೆಪ್ಟೆಂಬರ್ 1ಕ್ಕೆ ಸೋವಿಯತ್‌ನವರು ಕೊರಿಯಾದ ಪ್ರಯಾಣಿಕ ವಿಮಾನ ಹೊಡೆದುರುಳಿಸಿ 269 ಜನ ಸತ್ತಿದ್ದರು ಸರ್ ಅಂದೆ. ಅದಕ್ಕೂ ಮುಂಚೆ? ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಆಕಾಶದಲ್ಲೇ ಕ್ಷಿಪಣಿ ತಡೆಯುವ ಯೋಜನೆ ಹೇಳಿದ್ದರು. ಅದಕ್ಕೂ ಮುಂಚೆ? 1979ರ ಡಿಸೆಂಬರ್, ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದು. ಅದೇ ತಿಂಗಳು ಯುರೋಪಿನಲ್ಲಿ ಹೊಸ ಕ್ಷಿಪಣಿ ಇಡುವ ನ್ಯಾಟೋ ತೀರ್ಮಾನ. ಅದಕ್ಕೂ ಮುಂಚೆ ಸೋವಿಯತ್‌ನ ಎಸ್‌ಎಸ್-20 ಕ್ಷಿಪಣಿಗಳು.

"ಅವನ್ನ ಯಾಕಿಟ್ಟರು?"

ನನಗೆ ಸರಿಯಾಗಿ ಗೊತ್ತಿರಲಿಲ್ಲ. ಮುಂದಿನ ಸಲ ಓದಿಕೊಂಡು ಬರ್ತೀನಿ ಸರ್ ಅಂದೆ.