ನಿಜವಾಗಿಯೂ ಶ್ರೇಷ್ಠರಾಗಿದ್ದರೆ ಆ ಕಲಾವಿದೆಯರ ಹೆಸರು ಉಳಿಯುತ್ತಿರಲಿಲ್ಲವೇ?

ಕಲೆಯ ಇತಿಹಾಸದಲ್ಲಿ ಕಡೆಗಣನೆಗೆ ಒಳಗಾದ ಮಹಿಳೆಯರ ಬಗ್ಗೆ ನಾನು ಎಲ್ಲಿ ಮಾತನಾಡಿದರೂ ಕೊನೆಗೆ ಒಬ್ಬರಾದರೂ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಕಾಲ ಎಲ್ಲವನ್ನೂ ತೂರುತ್ತದೆ, ಜೊಳ್ಳು ಹಾರಿಹೋಗಿ ಗಟ್ಟಿಕಾಳು ಉಳಿಯುತ್ತದೆ. ಹಾಗಿರುವಾಗ ಈ ಮಹಿಳೆಯರ ಹೆಸರು ಉಳಿಯದಿರುವುದಕ್ಕೆ ಅವರ ಕೃತಿಗಳಲ್ಲೇ ಏನಾದರೂ ಕೊರತೆ ಇದ್ದಿರಬಹುದಲ್ಲವೇ ಎಂಬುದು ಅವರ ವಾದ. ಕೇಳುವವರಲ್ಲಿ ಹೆಚ್ಚಿನವರು ಕಲೆಯನ್ನು ಪ್ರೀತಿಸುವವರು, ಕೆಟ್ಟ ಉದ್ದೇಶದಿಂದ ಕೇಳುವವರಲ್ಲ. ಆದ್ದರಿಂದ ನನ್ನ ಉತ್ತರವನ್ನು ಒಮ್ಮೆ ವಿವರವಾಗಿ ಬರೆದಿಡುವುದು ಒಳ್ಳೆಯದೆಂದು ತೋರಿತು.

ಆ ವಾದದಲ್ಲಿ ಅಡಗಿರುವ ನಂಬಿಕೆಯೇ ತಪ್ಪು ಎಂಬುದು ನನ್ನ ನಿಲುವು. ಎಷ್ಟೋ ಸಂದರ್ಭಗಳಲ್ಲಿ ಕೃತಿ ಉಳಿದಿದೆ, ಮೆಚ್ಚುಗೆಯನ್ನೂ ಪಡೆದಿದೆ, ದೊಡ್ಡ ಸಂಗ್ರಹಾಲಯದ ಗೋಡೆಯನ್ನೂ ಏರಿದೆ. ಕಳಚಿಹೋದದ್ದು ಹೆಸರು ಮಾತ್ರ. ಆ ಹೆಸರಿನ ಜಾಗದಲ್ಲಿ ಒಬ್ಬ ಪುರುಷನ ಹೆಸರು ಬಂದು ಕುಳಿತಿದೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ 1801ರಲ್ಲಿ ರಚಿತವಾದ ಒಂದು ಭಾವಚಿತ್ರವಿದೆ. ಬಿಳಿಯ ಉಡುಪು ತೊಟ್ಟ ತರುಣಿಯೊಬ್ಬಳು ಚಿತ್ರ ಬರೆಯುವ ಹಲಗೆಯನ್ನು ತೊಡೆಯ ಮೇಲಿರಿಸಿಕೊಂಡು, ತಲೆಯೆತ್ತಿ ನೇರವಾಗಿ ನಮ್ಮನ್ನೇ ನೋಡುತ್ತಿದ್ದಾಳೆ. ಹಿಂದಿನ ಕಿಟಕಿಯ ಒಂದು ಗಾಜು ಒಡೆದಿದೆ; ಆ ಕಿಟಕಿಯಿಂದ ಬರುವ ಬೆಳಕು ಅವಳ ಕೂದಲ ಅಂಚನ್ನು ಹೊಳೆಯಿಸಿ, ಮುಖವನ್ನು ಮೆದುವಾದ ನೆರಳಿನಲ್ಲಿ ಬಿಟ್ಟಿದೆ. ಈ ಚಿತ್ರ 1917ರಲ್ಲಿ ಸಂಗ್ರಹಾಲಯಕ್ಕೆ ಕೊಡುಗೆಯಾಗಿ ಬಂದಾಗ ಅದು ಫ್ರಾನ್ಸಿನ ಮಹಾನ್ ಚಿತ್ರಕಾರ ಜಾಕ್ ಲೂಯಿ ದಾವೀದನ ಕೃತಿ ಎಂದೇ ಎಲ್ಲರೂ ನಂಬಿದ್ದರು, ಮೂರು ದಶಕಗಳಿಗೂ ಹೆಚ್ಚು ಕಾಲ ಜನರು ಅದನ್ನು ದಾವೀದನದೆಂದೇ ಕೊಂಡಾಡಿದರು. 1951ರಲ್ಲಿ ಚಾರ್ಲ್ಸ್ ಸ್ಟರ್ಲಿಂಗ್ ಎಂಬ ವಿದ್ವಾಂಸರು ಒಂದು ಸರಳವಾದ ಸಂಗತಿಯನ್ನು ಎತ್ತಿ ತೋರಿಸಿದರು: 1801ರ ಪ್ಯಾರಿಸ್ ವಾರ್ಷಿಕ ಪ್ರದರ್ಶನವನ್ನು ದಾಖಲಿಸಿದ ಒಂದು ಅಚ್ಚುಚಿತ್ರದಲ್ಲಿ ಈ ಕೃತಿ ಕಾಣುತ್ತದೆ, ಆದರೆ ಆ ವರ್ಷದ ಪ್ರದರ್ಶನಕ್ಕೆ ದಾವೀದ್ ಏನನ್ನೂ ಕಳುಹಿಸಿರಲಿಲ್ಲ. ಅವರ ಅನುಮಾನ ಕಾನ್‌ಸ್ಟನ್ಸ್ ಶಾರ್ಪಾಂತಿಯೆ ಎಂಬ ಕಲಾವಿದೆಯ ಕಡೆಗೆ ತಿರುಗಿತು. 1990ರ ದಶಕದಲ್ಲಿ ನಡೆದ ಸಂಶೋಧನೆ ಅದನ್ನು ಮರಿ ಡೆನೀಸ್ ವಿಲೆರ್ ಎಂಬ ಇನ್ನೊಬ್ಬ ಕಲಾವಿದೆಗೆ ಸಲ್ಲಿಸಿತು, ಇಂದು ಆ ಹೆಸರೇ ಚಿತ್ರದ ಕೆಳಗಿದೆ.

ಇಲ್ಲಿ ನನ್ನನ್ನು ಅತ್ಯಂತ ಕಲಕುವುದು ಹೆಸರು ಬದಲಾದುದಕ್ಕಿಂತ ಕಣ್ಣು ಬದಲಾದ ಬಗೆ. ದಾವೀದನ ಕೃತಿ ಎಂದುಕೊಂಡಿರುವಷ್ಟು ದಿನ ಅದು ಮೇರುಕೃತಿಯಾಗಿತ್ತು. ಹೆಂಗಸಿನದು ಎಂಬ ಅನುಮಾನ ಬಂದ ಕೂಡಲೇ, ಅದೇ ಸ್ಟರ್ಲಿಂಗರ ಬರಹದಲ್ಲಿ, ಚಿತ್ರದ ದೌರ್ಬಲ್ಯಗಳನ್ನು ಜಾಣತನದಿಂದ ಮರೆಮಾಡಲಾಗಿದೆ, ಅದರ ಸೊಬಗು ಸಾವಿರ ಸೂಕ್ಷ್ಮ ತಂತ್ರಗಳಿಂದ ಕಟ್ಟಿದ್ದು, ಇವೆಲ್ಲ ಸ್ತ್ರೀಮನಸ್ಸಿನ ಲಕ್ಷಣ ಎಂಬ ಮಾತುಗಳು ಕಾಣಿಸಿಕೊಂಡವು. ಬಣ್ಣದ ಒಂದು ಹನಿಯೂ ಬದಲಾಗಿರಲಿಲ್ಲ. ಕಾಲ ತೂರುತ್ತದೆ ಎನ್ನುವವರು ಮೊರ ಯಾರ ಕೈಯಲ್ಲಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡನೆಯ ಉದಾಹರಣೆ ಜುಡಿತ್ ಲೈಸ್ಟರ್. 1609ರಲ್ಲಿ ಹಾಲೆಂಡಿನ ಹಾರ್ಲೆಮ್ ನಗರದಲ್ಲಿ ಹುಟ್ಟಿದ ಈಕೆ 1633ರಲ್ಲಿ ಅಲ್ಲಿನ ಚಿತ್ರಕಾರರ ಸಂಘದ ಸದಸ್ಯೆಯಾದಳು, ಸ್ವಂತ ಕಾರ್ಯಾಗಾರ ನಡೆಸಿದಳು, ಶಿಷ್ಯರನ್ನು ಇಟ್ಟುಕೊಂಡಳು. ಶಿಷ್ಯನೊಬ್ಬ ತನ್ನನ್ನು ಬಿಟ್ಟು ಅದೇ ಊರಿನ ಪ್ರಸಿದ್ಧ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಕಾರ್ಯಾಗಾರಕ್ಕೆ ಹೋದಾಗ ಆಕೆ ಸಂಘಕ್ಕೆ ದೂರು ಕೊಟ್ಟು ತನ್ನ ಹಕ್ಕನ್ನು ಕೇಳಿದಳು. ಅವಳ ಮನೆತನದ ಹೆಸರಿಗೆ ದಿಕ್ಕು ತೋರುವ ನಕ್ಷತ್ರ ಎಂಬ ಅರ್ಥವಿದೆ, ಹಾಗಾಗಿ ತನ್ನ ಹೆಸರಿನ ಮೊದಲಕ್ಷರಗಳನ್ನು ಒಂದಕ್ಕೊಂದು ಹೆಣೆದು ಪಕ್ಕದಲ್ಲಿ ಒಂದು ನಕ್ಷತ್ರ ಬರೆಯುವುದೇ ಅವಳ ಸಹಿಯಾಗಿತ್ತು. 1648ರಲ್ಲಿ ಹಾರ್ಲೆಮ್‌ನ ಇತಿಹಾಸ ಬರೆದ ಸ್ಕ್ರೆವೆಲಿಯಸ್ ಆ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ, ಈಕೆ ಕಲೆಯಲ್ಲಿ ನಿಜವಾಗಿಯೂ ದಾರಿತೋರುವ ತಾರೆ ಎಂದು ಹೊಗಳಿದ್ದಾನೆ. ಇಂಥವಳು 1660ರಲ್ಲಿ ತೀರಿಕೊಂಡ ಮೇಲೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಲೆಯ ಚರಿತ್ರೆಯಿಂದಲೇ ಮಾಯವಾದಳು; ಅವಳ ಕೃತಿಗಳಲ್ಲಿ ಎಷ್ಟೋ ಹಾಲ್ಸ್‌ನವೆಂದು ಮಾರಾಟವಾದವು. ಹಾಲ್ಸ್‌ನದೆಂದರೆ ಬೆಲೆ ಹೆಚ್ಚು, ಆದ್ದರಿಂದ ಮಾರುವವನಿಗೂ ಕೊಳ್ಳುವವನಿಗೂ ಆ ನಕ್ಷತ್ರ ಕಣ್ಣಿಗೆ ಬೀಳದಿರುವುದೇ ಲಾಭದಾಯಕವಾಗಿತ್ತು. 1893ರಲ್ಲಿ, ಹಾಲ್ಸ್‌ನದೆಂದು ವ್ಯಾಪಾರಿಗಳ ನಡುವೆ ಕೈಬದಲಾಯಿಸಿದ ಒಂದು ಚಿತ್ರದ ಕುರಿತು ಲಂಡನ್ನಿನಲ್ಲಿ ವ್ಯಾಜ್ಯ ನಡೆದಿದ್ದಾಗ, ಹಾಫ್‌ಸ್ಟೆಡ್ ಡ ಗ್ರೂಟ್ ಎಂಬ ಡಚ್ ವಿದ್ವಾಂಸ ಆ ಸಹಿ ಯಾರದೆಂದು ಗುರುತಿಸಿದ. ಮರೆತುಹೋದ ಒಬ್ಬ ಮಹಾನ್ ಚಿತ್ರಕಾರಳು ಸಿಕ್ಕಿದಳು ಎಂಬ ಸಂತೋಷ ಆ ವ್ಯಾಜ್ಯದ ವಿಷಯವಾಗಿರಲಿಲ್ಲ, ಬೆಲೆ ಎಷ್ಟು ಇಳಿಯಬೇಕು ಎಂಬುದೇ ವಿಷಯವಾಗಿತ್ತು. ಕೊನೆಗೆ ಬೆಲೆ ತಗ್ಗಿಸಿಕೊಂಡು ಎರಡೂ ಕಡೆಯವರು ರಾಜಿಯಾದರು. ಹೊಗಳಿಸಿಕೊಂಡ ಗುಣವೆಲ್ಲ ಚಿತ್ರದಲ್ಲಿ ಹಾಗೆಯೇ ಇತ್ತು.

ಹಿಂದಿನ ಕಾಲ ಕತ್ತಲೆಯ ಕಾಲ, ನಾವು ಮಾತ್ರ ಕಣ್ಣು ತೆರೆದವರು ಎಂದು ಭಾವಿಸುವವರಿಗೆ ಒಂದು ಮಾತು. ಇಟಲಿಯ ವಸಾರಿ 1550ರಲ್ಲಿ ಕಲಾವಿದರ ಜೀವನಚರಿತ್ರೆಗಳನ್ನು ಪ್ರಕಟಿಸಿದಾಗ ಅದರಲ್ಲಿ ಬೊಲೊನ್ಯಾದ ಶಿಲ್ಪಿ ಪ್ರೊಪೆರ್ಜಿಯಾ ದೆ ರೊಸ್ಸಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದ. 1568ರ ಆವೃತ್ತಿಯಲ್ಲಿ ಇನ್ನಷ್ಟು ಮಹಿಳೆಯರನ್ನು ಸೇರಿಸಿದ. ಆದರೆ 1962ರಲ್ಲಿ ಎಚ್. ಡಬ್ಲ್ಯು. ಜಾನ್ಸನ್ ಬರೆದ, ದಶಕಗಳ ಕಾಲ ವಿದ್ಯಾರ್ಥಿಗಳ ಕೈಯಲ್ಲಿದ್ದ ಕಲೆಯ ಇತಿಹಾಸದಲ್ಲಿ ಒಬ್ಬ ಕಲಾವಿದೆಯೂ ಇರಲಿಲ್ಲ. ಅವನ ಮಗ ಪರಿಷ್ಕರಿಸಿದ 1986ರ ಆವೃತ್ತಿಯಲ್ಲಿ ಮೊದಲ ಬಾರಿಗೆ ಅವರು ಕಾಣಿಸಿಕೊಂಡರು. ನಾಲ್ಕುನೂರು ವರ್ಷಗಳ ಹಿಂದಿನ ಲೇಖಕನಿಗೆ ಕಂಡದ್ದು ಆಧುನಿಕ ವಿದ್ವಾಂಸನಿಗೆ ಕಾಣಲಿಲ್ಲ ಎಂದರೆ, ಈ ಮರೆವಿನ ಬಹುಪಾಲು ನಮಗೆ ಹತ್ತಿರದ ಕಾಲದಲ್ಲೇ ಆಗಿದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಆದರೂ ಸಂಖ್ಯೆ ಕಡಿಮೆಯಲ್ಲವೇ ಎಂದು ಕೆಲವರು ಮತ್ತೆ ಕೇಳುತ್ತಾರೆ. ಕಡಿಮೆಯೇ, ಮತ್ತು ಅದಕ್ಕೆ ಕಾರಣ ಕಣ್ಣೆದುರಿಗೇ ಇದೆ. 1768ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಸ್ಥಾಪನೆಯಾದಾಗ ಸಂಸ್ಥಾಪಕ ಸದಸ್ಯರಲ್ಲಿ ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್ ಎಂಬ ಇಬ್ಬರು ಮಹಿಳೆಯರಿದ್ದರು. ಕೆಲವು ವರ್ಷಗಳ ನಂತರ ಝೋಫನಿ ಎಂಬ ಚಿತ್ರಕಾರ ಆ ಸದಸ್ಯರ ಗುಂಪುಚಿತ್ರವನ್ನು ಬರೆದ. ಪುರುಷರೆಲ್ಲ ಬೆತ್ತಲೆ ರೂಪದರ್ಶಿಗಳ ಸುತ್ತ ನಿಂತು ಚರ್ಚಿಸುತ್ತಿದ್ದಾರೆ; ಅಂಥ ಕೋಣೆಗೆ ಹೆಂಗಸರು ಬರುವಂತಿರಲಿಲ್ಲವಾದ್ದರಿಂದ ಆ ಇಬ್ಬರು ಗೋಡೆಗೆ ತೂಗುಹಾಕಿದ ಎರಡು ಭಾವಚಿತ್ರಗಳಾಗಿದ್ದಾರೆ. ಇದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ. ಅವರ ನಂತರ ಪೂರ್ಣ ಸದಸ್ಯತ್ವ ಪಡೆದ ಮುಂದಿನ ಮಹಿಳೆ ಲಾರಾ ನೈಟ್, ಅದು 1936ರಲ್ಲಿ. ಅಕಾಡೆಮಿಯ ಶಾಲೆಗೆ 1860ರಲ್ಲಿ ಪ್ರವೇಶ ಪಡೆದ ಮೊದಲ ವಿದ್ಯಾರ್ಥಿನಿ ಲಾರಾ ಹರ್ಫರ್ಡ್ ತನ್ನ ರೇಖಾಚಿತ್ರಗಳ ಮೇಲೆ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದಿದ್ದರಿಂದ, ಆಯ್ಕೆ ಮಾಡಿದವರಿಗೆ ಅವಳು ಹೆಣ್ಣೆಂದು ತಿಳಿಯಲಿಲ್ಲ. ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆ ಮಹಿಳೆಯರಿಗೆ ಬಾಗಿಲು ತೆರೆದದ್ದು 1897ರಲ್ಲಿ. ಬೆತ್ತಲೆ ಮಾನವದೇಹವನ್ನು ನೋಡಿ ಬರೆಯಲು ಕಲಿಯದವರು ಆಗ ಅತ್ಯುನ್ನತವೆನಿಸಿದ್ದ ಪುರಾಣ ಮತ್ತು ಇತಿಹಾಸದ ದೊಡ್ಡ ಚಿತ್ರಗಳನ್ನು ರಚಿಸುವುದು ಬಹಳ ಕಷ್ಟವಾಗಿತ್ತು. ಹಾಗಾಗಿ ಹೆಚ್ಚಿನವರು ಹೂವು, ಹಣ್ಣು, ಭಾವಚಿತ್ರಗಳ ಕಡೆಗೆ ಹೊರಳಿದರು. ಆಮೇಲೆ ಹೂವು ಹಣ್ಣು ಬರೆಯುವವರೆಂಬ ಕಾರಣಕ್ಕೇ ಅವರನ್ನು ಎರಡನೆಯ ಸಾಲಿಗೆ ತಳ್ಳಲಾಯಿತು.

ಹಾಗೆಂದು ಮರೆತುಹೋದ ಪ್ರತಿಯೊಬ್ಬ ಕಲಾವಿದೆಯೂ ಮಹಾಪ್ರತಿಭೆ ಎಂದು ನಾನು ಹೇಳುವುದಿಲ್ಲ. ಪುರುಷರಲ್ಲಿ ಇರುವಂತೆ ಇವರಲ್ಲೂ ಸಾಧಾರಣರು ಇದ್ದಾರೆ. ಯಾರು ಏನೆಂದು ತೂಗಿ ನೋಡಬೇಕಾದರೆ ಕೃತಿಯೂ ಅದರ ಕೆಳಗೆ ಸರಿಯಾದ ಹೆಸರೂ ನಮ್ಮ ಕಣ್ಣಮುಂದೆ ಇರಬೇಕು, ಆ ಅವಕಾಶ ಈಗಷ್ಟೇ ಒದಗುತ್ತಿದೆ. 1819ರಲ್ಲಿ ಆರಂಭವಾದ ಮ್ಯಾಡ್ರಿಡ್‌ನ ಪ್ರಾದೋ ಸಂಗ್ರಹಾಲಯ ಒಬ್ಬ ಮಹಿಳೆಗೇ ಮೀಸಲಾದ ಪ್ರದರ್ಶನವನ್ನು ಮೊದಲು ಏರ್ಪಡಿಸಿದ್ದು 2016ರಲ್ಲಿ, ಕ್ಲಾರಾ ಪೀಟರ್ಸ್‌ಳ ಕೃತಿಗಳಿಗಾಗಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಸಂಗ್ರಹಾಲಯದ ಅತಿಮುಖ್ಯ ಕೃತಿಗಳ ಸಭಾಂಗಣಕ್ಕೆ ಮೂವರು ಕಲಾವಿದೆಯರ ಚಿತ್ರಗಳು ಪ್ರವೇಶಿಸಿದ್ದು 2021ರಲ್ಲಿ. ಆ ಮೂವರಲ್ಲಿ ಲೈಸ್ಟರ್ ಕೂಡ ಒಬ್ಬಳು.

ಇನ್ನೂ ಗುರುತು ಸಿಗದವರು ಎಷ್ಟಿರಬಹುದು ಎಂದು ಯೋಚಿಸುವಾಗ ನನಗೆ ನೆನಪಾಗುವವಳು ಜಪಾನಿನ ಕತ್ಸುಶಿಕಾ ಓಯಿ, ಜಗತ್ಪ್ರಸಿದ್ಧ ಹೊಕುಸಾಯ್‌ನ ಮಗಳು. 1849ರಲ್ಲಿ ತಂದೆ ಸಾಯುವವರೆಗೂ ಅವನ ಜೊತೆಗಿದ್ದು ಕೆಲಸ ಮಾಡಿದ ಈಕೆಯ ಕೃತಿಗಳೆಂದು ಖಚಿತವಾಗಿ ಗುರುತಿಸಿರುವವು ಬೆರಳೆಣಿಕೆಯಷ್ಟು. ತಂದೆಯ ಕೊನೆಯ ವರ್ಷಗಳ ಚಿತ್ರಗಳಲ್ಲಿ ಮಗಳ ಕೈ ಎಷ್ಟಿದೆ ಎಂಬ ಚರ್ಚೆ ಇನ್ನೂ ನಡೆದಿದೆ. ಅವಳದೆಂದು ತಿಳಿದಿರುವ ಒಂದು ಚಿತ್ರ ಇಂದಿನ ಟೋಕಿಯೊದಲ್ಲಿದ್ದ ವೇಶ್ಯೆಯರ ಕೇರಿ ಯೊಶಿವಾರದ ರಾತ್ರಿಯದು: ಮರದ ಜಾಲರಿಯ ಹಿಂದೆ ಬೆಳಕಿನಲ್ಲಿ ಕುಳಿತ ಹೆಂಗಸರು, ಹೊರಗೆ ಕತ್ತಲಲ್ಲಿ ನೆರಳುಗಳಾಗಿ ನಿಂತ ಜನ, ಅಲ್ಲಲ್ಲಿ ಕೈಯಲ್ಲಿ ಹಿಡಿದ ಕಾಗದದ ಲಾಂದ್ರಗಳು. ಚಿತ್ರದ ಮೂಲೆಯಲ್ಲಿ ಸಹಿ ಇಲ್ಲ. ಲಾಂದ್ರಗಳನ್ನು ಹತ್ತಿರದಿಂದ ನೋಡಿದರೆ, ಮೂರರ ಮೇಲೆ ಒಂದೊಂದರಂತೆ ಅವಳ ಹೆಸರುಗಳ ಅಕ್ಷರಗಳಿವೆ.