ಕೆಟ್ಟ ಫೋಟೊದೊಳಗಿನ ದಾಸವಾಳ

ಚಿತ್ರ ಬರೆಯುವುದು ನನ್ನಿಂದಾಗದ ಕೆಲಸವೆಂದು ಶಾಲೆಯ ದಿನಗಳಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಹೂಗಳ ಫೋಟೊ ತೆಗೆಯುವ ಹವ್ಯಾಸ ಅಂಟಿಕೊಂಡದ್ದು ಬಹಳ ತಡವಾಗಿ. ಅದನ್ನೂ ಕಂಡದ್ದನ್ನು ಕಂಡಂತೆ ಹಿಡಿದಿಡುವ ಕೆಲಸವೆಂದು ತಿಳಿದಿದ್ದೆನೇ ಹೊರತು, ಸೃಜನಶೀಲತೆ ಎಂಬ ದೊಡ್ಡ ಮಾತನ್ನು ಅದರ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ಈ ತಿಳಿವಳಿಕೆಯನ್ನು ಬದಲಿಸಿದ್ದು ಒಂದು ಕೆಟ್ಟ ಫೋಟೊ.

ಅದು ಬಿಸಿಲಿನಲ್ಲಿ ತೆಗೆದ ಕೆಂಪು ದಾಸವಾಳದ ಚಿತ್ರ. ದೊಡ್ಡ ಪರದೆಯ ಮೇಲೆ ತೆರೆದಾಗ ಎಸಳುಗಳಲ್ಲಿ ಒಂದು ಗೆರೆಯೂ ಕಾಣದೆ, ಇಡೀ ಹೂವು ಬಣ್ಣ ಬಳಿದ ರಟ್ಟಿನ ತುಂಡಿನಂತೆ ಚಪ್ಪಟೆಯಾಗಿತ್ತು. ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಸಾಮಾನ್ಯ ಜೆಪಿಇಜಿ ಚಿತ್ರದಲ್ಲಿ ಪ್ರತಿಯೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಒಂದೊಂದೂ 0ಯಿಂದ 255ರವರೆಗೆ ಮಾತ್ರ ಏರಬಲ್ಲದು. ಅಚ್ಚಕೆಂಪು ಹೂವಿನಲ್ಲಿ ಒಟ್ಟಾರೆ ಬೆಳಕು ಸರಿಯಾಗಿದೆಯೆಂದು ಕ್ಯಾಮೆರಾ ಲೆಕ್ಕ ಹಾಕುವಷ್ಟರಲ್ಲಿ ಕೆಂಪಿನ ಅಂಕಿ 255ನ್ನು ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಅದರಾಚೆಗಿನ ಏರಿಳಿತವೆಲ್ಲ ಅಳಿಸಿಹೋಗುತ್ತದೆ. ಎಕ್ಸ್‌ಪೋಷರ್ ಅನ್ನು, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು, ಸ್ವಲ್ಪ ತಗ್ಗಿಸಿದ್ದರೆ, ಇಲ್ಲವೇ ಹೆಚ್ಚು ಮಟ್ಟಗಳನ್ನು ಹಿಡಿದಿಡುವ ರಾ ಫೈಲ್ ಉಳಿಸಿಕೊಂಡಿದ್ದರೆ ಆ ಹೂವು ಉಳಿಯುತ್ತಿತ್ತು. ನಾನು ಎರಡನ್ನೂ ಮಾಡಿರಲಿಲ್ಲ. ದಾಸವಾಳ ಸಾಮಾನ್ಯವಾಗಿ ಒಂದೇ ದಿನ ಅರಳಿ ಮುದುಡುವ ಹೂವಾದ್ದರಿಂದ, ಮತ್ತೆ ಹೋಗಿ ಅದನ್ನೇ ತೆಗೆಯುವ ಅವಕಾಶವೂ ಇರಲಿಲ್ಲ.

ಅಳಿಸುವ ಮೊದಲು, ಬರೀ ಕುತೂಹಲದಿಂದ, ಮೂರು ಚಾನೆಲ್‌ಗಳನ್ನು, ಅಂದರೆ ಒಂದೊಂದು ಬಣ್ಣದ ಅಂಕಿಗಳನ್ನಷ್ಟೇ ಕಪ್ಪುಬಿಳುಪಿನಲ್ಲಿ ತೋರಿಸುವ ಚಿತ್ರಗಳನ್ನು, ಬೇರೆಬೇರೆಯಾಗಿ ತೆರೆದು ನೋಡಿದೆ. ಕೆಂಪು ಚಾನೆಲ್ ಹೆಚ್ಚುಕಡಿಮೆ ಬಿಳಿ ಹಾಳೆಯಾಗಿತ್ತು. ಹಸಿರು ಚಾನೆಲ್ ತೆರೆದ ಕ್ಷಣ ಮಾತ್ರ ನನಗೆ ಇಂದಿಗೂ ನೆನಪಿದೆ. ಕಪ್ಪುಬೂದು ಛಾಯೆಯಲ್ಲಿ ಎಸಳುಗಳ ನರಗಳೆಲ್ಲ ಬುಡದಿಂದ ಅಂಚಿನವರೆಗೆ ಕವಲೊಡೆಯುತ್ತ ಸಾಗಿದ್ದವು; ಮಡಿಕೆಗಳಿದ್ದವು, ನೆರಳಿತ್ತು, ಒಂದು ಎಸಳಿನ ಅಂಚಿನಲ್ಲಿ ಹುಳು ಕಚ್ಚಿದ ಸಣ್ಣ ಗುರುತೂ ಇತ್ತು. ಬಣ್ಣದ ಚಿತ್ರದಲ್ಲಿ ಕಾಣದೆ ಹೋದ ಹೂವು ಬಣ್ಣವೇ ಇಲ್ಲದ ಈ ಚಿತ್ರದಲ್ಲಿ ಪೂರ್ತಿಯಾಗಿ ಕುಳಿತಿತ್ತು. ಇದು ದೋಷಯುಕ್ತ ದಾಖಲೆಯಲ್ಲ, ಇನ್ನೂ ಬರೆಯದ ಚಿತ್ರದ ರೇಖಾಕೃತಿ ಎಂದು ನನಗನ್ನಿಸಿದ್ದು ಆಗಲೇ.

ಆ ಹಸಿರು ಚಾನೆಲನ್ನು ಪ್ರತ್ಯೇಕ ಲೇಯರ್ (ಪದರ) ಮಾಡಿಕೊಂಡು, ಅದರ ಕೆಳಗೆ ತೆಳುಹಳದಿಯ ಒಂದು ಹಾಳೆಯನ್ನಿಟ್ಟು, ಎರಡನ್ನೂ ಮಲ್ಟಿಪ್ಲೈ ಎಂಬ ಬ್ಲೆಂಡ್ ಮೋಡ್‌ನಲ್ಲಿ ಬೆರೆಸಿದೆ. ಹೆಸರೇ ಹೇಳುವಂತೆ ಇದು ಗುಣಾಕಾರ: ಎರಡು ಲೇಯರ್‌ಗಳ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸಲಾಗುತ್ತದೆ. ಬಿಳಿಯಿದ್ದಲ್ಲಿ ಕೆಳಗಿನ ಬಣ್ಣ ಹಾಗೆಯೇ ಉಳಿಯುತ್ತದೆ, 128ರ ಮೇಲೆ 128 ಬಂದಲ್ಲಿ ಅದು 64ಕ್ಕೆ ಇಳಿದು ಗಾಢವಾಗುತ್ತದೆ. ಈ ಲೆಕ್ಕ ತಿಳಿದ ಮೇಲೆ ಪರದೆಯ ಮೇಲಿನ ಬದಲಾವಣೆಗಳು ಜಾದೂವಿನಂತೆ ಕಾಣುವುದು ನಿಂತು, ನನ್ನ ಕೈಗೆ ಸಿಕ್ಕ ಸಲಕರಣೆಗಳಂತೆ ಕಾಣತೊಡಗಿದವು. ಎಲ್ಲಿ ಬಣ್ಣ ಬೇಡವೋ ಅಲ್ಲಿ ಮಾಸ್ಕ್ ಹಾಕಿ ಮುಚ್ಚಿದೆ, ಎಲ್ಲಿ ನರಗಳು ತೀರ ದಟ್ಟವಾಗಿದ್ದವೋ ಅಲ್ಲಿ ಮೆತ್ತಗಿನ ಬ್ರಷ್‌ನಿಂದ ಸವರಿ ತೆಳುವಾಗಿಸಿದೆ. ಹಾಗೆ ಸವರುತ್ತಿದ್ದಾಗ, ಯಾವ ಗೆರೆ ಉಳಿಯಬೇಕು, ಯಾವುದು ಹೋಗಬೇಕು ಎಂಬ ಪ್ರಶ್ನೆಗೆ ನನ್ನಲ್ಲಿ ಖಚಿತವಾದ ಉತ್ತರಗಳಿರುವುದು ತಿಳಿದು ಆಶ್ಚರ್ಯವಾಯಿತು. ಆ ಉತ್ತರಗಳನ್ನು ನನಗೆ ಯಾರೂ ಕಲಿಸಿರಲಿಲ್ಲ. ವರ್ಷಗಟ್ಟಲೆ ಹೂಗಳ ಮುಂದೆ ಮಂಡಿಯೂರಿ ಕುಳಿತು ನೋಡಿದ್ದರ ಫಲವಾಗಿ ಅವು ಒಳಗೊಳಗೇ ಬೆಳೆದಿದ್ದವು.

ಫೋಟೊವನ್ನು ಒಂದೇ ಒತ್ತಿಗೆ ತೈಲಚಿತ್ರವಾಗಿಸುವ ಫಿಲ್ಟರ್‌ಗಳನ್ನೂ ಆಗ ಬಳಸಿ ನೋಡಿದೆ. ಅವು ಗುಲಾಬಿಗೂ ಸೇವಂತಿಗೆಗೂ ಒಂದೇ ಬಗೆಯ ಕುಂಚದ ಗುರುತುಗಳನ್ನು ಹಾಕುತ್ತವೆ. ಗುಲಾಬಿಯ ಎಸಳು ತಿರುಗುವ ದಿಕ್ಕು ಬೇರೆ, ಸೇವಂತಿಗೆಯ ಎಸಳು ಚಾಚುವ ರೀತಿ ಬೇರೆ. ಕುಂಚ ಆ ದಿಕ್ಕನ್ನು ಅನುಸರಿಸದಿದ್ದರೆ ಹೂವಿನ ಗುಣವೇ ಅಳಿಯುತ್ತದೆ. ಅಂದಿನಿಂದ ನಾನು ಫಿಲ್ಟರ್‌ಗಳ ಗೊಡವೆಗೆ ಹೋಗಿಲ್ಲ.

ಸಸ್ಯವನ್ನು ಬೆಳಕಿನಿಂದಲೇ ಚಿತ್ರವಾಗಿಸಿದವರ ಕೆಲಸಗಳನ್ನು ಹುಡುಕಿ ನೋಡತೊಡಗಿದ್ದು ಈ ಹಂತದಲ್ಲಿ. ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ 1843ರಲ್ಲಿ, ಕ್ಯಾಮೆರಾದ ನೆರವಿಲ್ಲದೆ, ರಾಸಾಯನಿಕ ಲೇಪಿಸಿದ ಕಾಗದದ ಮೇಲೆ ನೇರವಾಗಿ ಪಾಚಿಗಳನ್ನಿಟ್ಟು ಬಿಸಿಲಿಗೊಡ್ಡಿ, ಗಾಢನೀಲಿಯ ಹಿನ್ನೆಲೆಯಲ್ಲಿ ಬಿಳಿಯ ಆಕೃತಿಗಳನ್ನು ಮೂಡಿಸಿದರು. ಅವರ ಉದ್ದೇಶ ಸಸ್ಯಶಾಸ್ತ್ರದ ದಾಖಲೆಯೇ ಆಗಿತ್ತು. ಆದರೂ ಆ ನೀಲಿಯ ಮುಂದೆ ನಿಂತವರು ದಾಖಲೆ ಮತ್ತು ಕಲೆಯ ನಡುವೆ ಗೆರೆ ಎಳೆಯಲಾರರು. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ತಾವೇ ರೂಪಿಸಿಕೊಂಡ ಕ್ಯಾಮೆರಾಗಳಿಂದ ಮೊಗ್ಗು, ಕಾಂಡ, ಬಳ್ಳಿಯ ಕುಡಿಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ ತೆಗೆದದ್ದು ತಮ್ಮ ವಿದ್ಯಾರ್ಥಿಗಳಿಗೆ ಆಕಾರಗಳನ್ನು ಕಲಿಸುವುದಕ್ಕಾಗಿ. ಇಬ್ಬರೂ ಮೊದಲು ಸಸ್ಯವನ್ನು ಶ್ರದ್ಧೆಯಿಂದ ನೋಡಿದವರು ಎಂಬುದು ನನಗೆ ಬಹಳ ಧೈರ್ಯ ಕೊಟ್ಟಿತು.

ಆ ಧೈರ್ಯದಲ್ಲಿ ಮಾಡಿದ ಒಂದು ಪ್ರಯೋಗ ನನಗೆ ಇಂದಿಗೂ ಅತ್ಯಂತ ಪ್ರಿಯವಾದದ್ದು. ಸೂರ್ಯಕಾಂತಿಯ ನಡುವಿನಲ್ಲಿ ಒಂದಾದ ಮೇಲೊಂದರಂತೆ ಮೂಡುವ ಪುಟ್ಟ ಹೂಗಳ ನಡುವಿನ ಕೋನ ಸುಮಾರು 137.5 ಡಿಗ್ರಿ, ಹಾಗಾಗಿಯೇ ಅಲ್ಲಿ 34 ಮತ್ತು 55ರಂತಹ ಸಂಖ್ಯೆಯ ಸುರುಳಿಗಳು ಎರಡು ದಿಕ್ಕಿಗೆ ಹರಡಿರುವುದನ್ನು ಎಣಿಸಬಹುದು. ನಾನು ಆ ದಾಸವಾಳದ ಒಂದೇ ಎಸಳನ್ನು ಕತ್ತರಿಸಿಕೊಂಡು, ಪ್ರತಿಯೊಂದು ನಕಲನ್ನೂ ಹಿಂದಿನದಕ್ಕಿಂತ 137.5 ಡಿಗ್ರಿ ತಿರುಗಿಸಿ, ಸ್ವಲ್ಪ ಕಿರಿದಾಗಿಸಿ, ಒಂದರ ಮೇಲೊಂದು ಜೋಡಿಸುತ್ತ ಹೋದೆ. ನಲವತ್ತನೆಯ ಎಸಳಿನ ಹೊತ್ತಿಗೆ ಎಲ್ಲಿಯೂ ಅರಳದ ಒಂದು ಹೂವು ಪರದೆಯ ಮೇಲೆ ನಿಂತಿತ್ತು. ಅದರ ಪ್ರತಿಯೊಂದು ಎಸಳಿನ ಅಂಚಿನಲ್ಲೂ ಆ ಹುಳು ಕಚ್ಚಿದ ಗುರುತಿತ್ತು. ಅದನ್ನು ಅಳಿಸಲು ಬ್ರಷ್ ಎತ್ತಿಕೊಂಡವನು ಹಾಗೆಯೇ ಬಿಟ್ಟೆ, ಏಕೆಂದರೆ ಆ ಸಣ್ಣ ಕಚ್ಚುಗಳೇ ಸೇರಿ ಹೊರಗಿನಿಂದ ಒಳಕ್ಕೆ ಸಾಗುವ ಒಂದು ಸುರುಳಿಯಾಗಿದ್ದವು.

ಅಂದು ಅಳಿಸಬೇಕೆಂದಿದ್ದ ಮೂಲ ಫೈಲ್ ಇನ್ನೂ ನನ್ನಲ್ಲಿದೆ. ಈ ವಾರ ಅದರ ನೀಲಿ ಚಾನೆಲನ್ನು ಮತ್ತೆ ತೆರೆದಿದ್ದೇನೆ. ಹೂವಿನ ಗಂಟಲಿನ ಹತ್ತಿರದ ಗಾಢವಾದ ಕಲೆ ಅಲ್ಲಿ ಬೇರೆಯೇ ಆಕಾರದಲ್ಲಿ ಹರಡಿಕೊಂಡಿದೆ, ಅದರ ಕೆಳಗೆ ಯಾವ ಬಣ್ಣದ ಹಾಳೆಯನ್ನು ಇಡಬೇಕೆಂದು ಇನ್ನೂ ಯೋಚಿಸುತ್ತಿದ್ದೇನೆ.