26 ದಿನಗಳಲ್ಲಿ ಕಾದಂಬರಿ ಬರೆಯಲು ಆಗುತ್ತದೆಯೇ?

ನಾನು ಬಹುಕಾಲ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದವಳು, ಅಂದರೆ ಆಡಿದ ಮಾತನ್ನು ಆಡಿದ ವೇಗದಲ್ಲೇ ಸಂಕೇತಗಳಲ್ಲಿ ಬರೆದುಕೊಂಡು ಆಮೇಲೆ ಬಿಡಿಸಿ ಬರೆಯುವವಳು. ರಷ್ಯನ್ ಕಾದಂಬರಿಗಳ ಹುಚ್ಚೂ ಇದೆ. ಎರಡನ್ನೂ ಬಲ್ಲವರು ತಪ್ಪದೆ ಕೇಳುತ್ತಾರೆ: ದಾಸ್ತೋವ್‌ಸ್ಕಿ ‘ಜೂಜುಗಾರ’ವನ್ನು 26 ದಿನಗಳಲ್ಲಿ ಬಾಯಲ್ಲಿ ಹೇಳಿ ಬರೆಸಿದನಂತೆ, ನಿಜವೇ?

ನಿಜ. ಆದರೆ ಕೇಳುವವರು ಹೇಳಿದವನನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಬರೆದುಕೊಂಡವಳನ್ನು ಮರೆಯುತ್ತಾರೆ. ಅದಕ್ಕೇ ನನ್ನ ಉತ್ತರ ಸ್ವಲ್ಪ ಉದ್ದ.

1864ರಲ್ಲಿ ಅಣ್ಣ ಮಿಖಾಯಿಲ್ ತೀರಿಕೊಂಡ. ಅವನ ಸಾಲವನ್ನೂ ಅವನ ಕುಟುಂಬವನ್ನೂ ದಾಸ್ತೋವ್‌ಸ್ಕಿ ಹೆಗಲಿಗೇರಿಸಿಕೊಂಡ. ಇಬ್ಬರೂ ಸೇರಿ ನಡೆಸುತ್ತಿದ್ದ ಪತ್ರಿಕೆ ಮುಳುಗಿತು. ಮರುವರ್ಷ ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕ 3,000 ರೂಬಲ್ ಕೊಟ್ಟು ಒಂದು ಕರಾರಿಗೆ ಸಹಿ ಹಾಕಿಸಿಕೊಂಡ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿಯೊಂದು ಕೈಸೇರಬೇಕು. ತಪ್ಪಿದರೆ ಮುಂದಿನ ಒಂಬತ್ತು ವರ್ಷ ದಾಸ್ತೋವ್‌ಸ್ಕಿ ಬರೆದದ್ದನ್ನೆಲ್ಲ ಬಿಡಿಗಾಸೂ ಕೊಡದೆ ಅಚ್ಚು ಹಾಕಿಕೊಳ್ಳುವ ಹಕ್ಕು ಪ್ರಕಾಶಕನದು. ಕೋರ್ಟಿನಲ್ಲಿ ಅನೇಕ ಕರಾರುಗಳನ್ನು ಕಂಡಿದ್ದೇನೆ. ಇಷ್ಟು ಕ್ರೂರವಾದದ್ದು ಅಪರೂಪ.

ಅಕ್ಟೋಬರ್ ಬಂದರೂ ಒಂದು ಸಾಲಿರಲಿಲ್ಲ. ಆ ವರ್ಷವೆಲ್ಲ ಅವನು ‘ಅಪರಾಧ ಮತ್ತು ಶಿಕ್ಷೆ’ಯನ್ನು ಮಾಸಪತ್ರಿಕೆಯೊಂದಕ್ಕೆ ಕಂತುಕಂತಾಗಿ ಬರೆಯುತ್ತಿದ್ದ. ಅಧ್ಯಾಯಗಳನ್ನು ಹಂಚಿಕೊಂಡು ತಾವೇ ಬರೆದುಕೊಡುತ್ತೇವೆ ಎಂದು ಗೆಳೆಯರು ಮುಂದೆ ಬಂದರು. ಪರರ ಬರಹಕ್ಕೆ ತನ್ನ ಹೆಸರು ಹಾಕುವುದಿಲ್ಲ ಎಂದುಬಿಟ್ಟ. ಹಾಗಾದರೆ ಶೀಘ್ರಲಿಪಿಗಾರರನ್ನಾದರೂ ಇಟ್ಟುಕೋ ಎಂದರು.

ಅಕ್ಟೋಬರ್ 4ರಂದು ಅನ್ನಾ ಸ್ನಿಟ್ಕಿನಾ ಬಂದಳು. ವಯಸ್ಸು 20, ಅದೇ ಮೊದಲ ಕೆಲಸ. ಪತ್ರಿಕೆಯೊಂದರಿಂದ ಅವನು ಗಡಗಡನೆ ಓದತೊಡಗಿದ. ಮಾತನಾಡುವ ವೇಗದಲ್ಲಿ ಓದಿ ಎಂದು ಅವಳೇ ತಡೆದಳು. ಬಿಡಿಸಿ ಬರೆದದ್ದನ್ನು ನೋಡಿ, ಒಂದು ಪೂರ್ಣವಿರಾಮ ಬಿಟ್ಟುಹೋಗಿದೆ ಎಂದು ಸಿಡುಕಿದ. ಇದನ್ನು ಓದುವಾಗಲೆಲ್ಲ ನನಗೆ ನಗು ಬರುತ್ತದೆ. ನನ್ನ ಮೊದಲ ದಿನ ಅಲ್ಪವಿರಾಮಕ್ಕೆ ಬೈಸಿಕೊಂಡಿದ್ದೆ.

ಮಧ್ಯಾಹ್ನ ಹನ್ನೆರಡರಿಂದ ಸುಮಾರು ನಾಲ್ಕರವರೆಗೆ ಅವನು ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹತ್ತು ನಿಮಿಷ ಬರೆದುಕೊಂಡದ್ದನ್ನು ಬಿಡಿಸಿ ಬೆರಳಚ್ಚು ಮಾಡಲು ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅವಳ ಬಳಿ ಬೆರಳಚ್ಚು ಯಂತ್ರವೂ ಇಲ್ಲ. ಎಲ್ಲವನ್ನೂ ಕೈಯಿಂದಲೇ, ಸ್ಫುಟವಾದ ಅಕ್ಷರಗಳಲ್ಲಿ, ರಾತ್ರಿ ಮನೆಯಲ್ಲಿ ಕುಳಿತು ಬರೆಯಬೇಕು. ಮರುದಿನ ಅದನ್ನು ಅವನು ತಿದ್ದಬೇಕು. ರಾತ್ರಿ ಅವನೂ ಮರುದಿನದ ಭಾಗಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಎರಡು ಮನೆಗಳಲ್ಲಿ ದೀಪ ಉರಿದು ಬರೆದ ಪುಸ್ತಕ ಅದು.

ಇನ್ನೊಂದು ಮಾತು. ರೂಲೆಟ್ ಎಂಬ ಜೂಜಿನ ಮೇಜಿಗೆ ಅಂಟಿಕೊಂಡ ರಷ್ಯನ್ ಯುವಕನ ಕಥೆ ಬರೆಯಬೇಕೆಂದು ಅವನು 1863ರಲ್ಲೇ ರೋಮ್‌ನಿಂದ ಪತ್ರ ಬರೆದಿದ್ದ. ಆ ಮೇಜಿನ ಎದುರು ತಾನೇ ಕುಳಿತು ಸೋತವನು. ಅಂದರೆ ಹೇಳಿ ಬರೆಸಲು 26 ದಿನ, ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಮೂರು ವರ್ಷ.

ಅಕ್ಟೋಬರ್ 29ಕ್ಕೆ ಹೇಳುವುದು ಮುಗಿಯಿತು. ನವೆಂಬರ್ 1ರಂದು ಹಸ್ತಪ್ರತಿ ಹಿಡಿದು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ! ಅವನ ಗುಮಾಸ್ತ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ ರಾತ್ರಿ ಪೊಲೀಸ್ ಅಧಿಕಾರಿಯ ಬಳಿ ಅದನ್ನು ಒಪ್ಪಿಸಿ ರಸೀದಿ ಪಡೆದ. ರಷ್ಯದ ಮಹಾನ್ ಲೇಖಕನನ್ನು ಆ ದಿನ ಉಳಿಸಿದ್ದು ಒಂದು ರಸೀದಿ.

ಮುಂದಿನ ಫೆಬ್ರವರಿಯಲ್ಲಿ ಇಬ್ಬರೂ ಮದುವೆಯಾದರು. ಇದನ್ನು ಪ್ರೇಮಕಥೆಯಾಗಿ ಹೇಳುವವರು ಮುಂದಿನದನ್ನು ಹಾರಿಸಿಬಿಡುತ್ತಾರೆ. ಜರ್ಮನಿಯ ಜೂಜುಕಟ್ಟೆಗಳಿಗಾಗಿ ಅವನು ಅವಳ ಒಡವೆ, ಬಟ್ಟೆಗಳನ್ನೆಲ್ಲ ಅಡವಿಟ್ಟ. ಮೊದಲ ಮಗು ಜಿನೀವಾದಲ್ಲಿ ಮೂರು ತಿಂಗಳಿಗೇ ಹೋಯಿತು. ಜೂಜು ಬಿಟ್ಟದ್ದು 1871ರಲ್ಲಿ. 1873ರಿಂದ ಅವನ ಪುಸ್ತಕಗಳನ್ನು ಅನ್ನಾ ಸ್ವತಃ ಪ್ರಕಟಿಸತೊಡಗಿದಳು; ಸಾಲ ಕೊಟ್ಟವರ ಜೊತೆ ವ್ಯವಹರಿಸಿದ್ದೂ ಅವಳೇ. 1878ರಲ್ಲಿ ಇನ್ನೂ ಮೂರು ವರ್ಷ ತುಂಬದ ಮಗ ಅಲ್ಯೋಶ ಅಪಸ್ಮಾರದಿಂದ ಸತ್ತ, ಅಪ್ಪನಿಗಿದ್ದ ಕಾಯಿಲೆಯಿಂದಲೇ. ಆ ಹೆಸರು ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಕಿರಿಯ ಸಹೋದರನಿಗೆ ಬಂತು. ಆ ಕಾದಂಬರಿಯನ್ನೂ ಅವಳೇ ಬರೆದುಕೊಂಡಳು. ಅದು ಮುಗಿದ ಕೆಲವೇ ತಿಂಗಳಲ್ಲಿ, 1881ರ ಆರಂಭದಲ್ಲಿ, ಅವನು ತೀರಿಕೊಂಡ.

‘ಜೂಜುಗಾರ’ ಅವನ ಶ್ರೇಷ್ಠ ಕೃತಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅವನ ದೊಡ್ಡ ಕಾದಂಬರಿಗಳಲ್ಲಿ ಜನ ಪುಟಗಟ್ಟಲೆ ಮಾತನಾಡುತ್ತಾರಲ್ಲ, ತಡವರಿಸುತ್ತಾರೆ, ತಮ್ಮ ಮಾತನ್ನು ತಾವೇ ಕತ್ತರಿಸುತ್ತಾರೆ; ಅದರಲ್ಲಿ ಕೋಣೆಯೊಳಗೆ ಅತ್ತಿತ್ತ ಓಡಾಡುತ್ತ ಹೇಳಿದವನ ಉಸಿರು ನನಗೆ ಕೇಳಿಸುತ್ತದೆ. ವಿಮರ್ಶಕರು ಒಪ್ಪದಿರಬಹುದು. ಅವರು ಯಾರ ಮಾತನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಂಡವರಲ್ಲ.

1867ರ ವಿದೇಶವಾಸದಲ್ಲಿ ಅನ್ನಾ ದಿನಚರಿ ಬರೆದಳು, ಗಂಡನಿಗೆ ಓದಲು ಬಾರದ ಶೀಘ್ರಲಿಪಿಯಲ್ಲಿ. ಒಂದಷ್ಟನ್ನು ಮುಂದೆ ತಾನೇ ಬಿಡಿಸಿದಳು. ಉಳಿದದ್ದು ಅವಳದೇ ಸಂಕ್ಷೇಪಗಳ ಕಗ್ಗಂಟು. ಅವಳು 1918ರಲ್ಲಿ ಸತ್ತ ಎಷ್ಟೋ ವರ್ಷಗಳ ಮೇಲೆ ಅದನ್ನು ಬಿಡಿಸಲು ಇನ್ನೊಬ್ಬ ಶೀಘ್ರಲಿಪಿಗಾರ್ತಿಯೇ ಬರಬೇಕಾಯಿತು. ನನ್ನ ನೋಟ್‌ಬುಕ್‌ಗಳೂ ಅಟ್ಟದ ಮೇಲಿವೆ. ಏನು ಬರೆದಿದ್ದೀಯ ಎಂದು ಮನೆಯಲ್ಲಿ ಯಾರೂ ಇನ್ನೂ ಕೇಳಿಲ್ಲ.